ಪಾಳಿ ಚೀಟಿಯ ಸೋಮವಾರ

ಹಿಪ್ಪರಗಿ ಕಡೆಯ ನಮ್ಮೂರಿನಲ್ಲಿ ನದಿಯಿಂದ ನೀರೆತ್ತಿ ಹೊಲಗಳಿಗೆ ಬಿಡುವ ಸಣ್ಣ ಸಂಘವೊಂದಿತ್ತು. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿ ಚೀಟಿಗಳನ್ನು ಅಪ್ಪ ಬಹಳ ವರ್ಷ ಶಾಯಿ ಪೆನ್ನಿನಲ್ಲಿ ಬರೆದರು. ಅವರ ಕೈ ನಡುಗತೊಡಗಿದಾಗ, ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ನಾನು ಆ ಕೆಲಸಕ್ಕೊಂದು ಪ್ರೋಗ್ರಾಂ ಬರೆದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನೂ ಹಾಗೆಯೇ. ಹೊಗಳಿಕೆಯಲ್ಲಿ ಅಪ್ಪ ಮಹಾ ಜಿಪುಣರು. ಅವರ ಬಾಯಲ್ಲಿ ಒಮ್ಮೆಯಾದರೂ ‘ಛಲೋ ಆತು’ ಅನ್ನಿಸಬೇಕೆಂಬ ಹಟ ನನ್ನದು.

ಕಂಪ್ಯೂಟರಿನೊಳಗೆ ಹೊತ್ತೆಂದರೆ ಬರೀ ಒಂದು ಉದ್ದನೆಯ ಸಂಖ್ಯೆ. ಅದನ್ನು ವಾರ, ತಾರೀಖು, ಗಂಟೆ ಎಂದು ಓದುವ ಹಾಗೆ ಬಿಡಿಸಿ ಬರೆಯಲು ಒಂದೇ ಸಾಲಿನ ಆಜ್ಞೆ ಸಾಕು. ಬರೆದೆ. ಚೀಟಿಗಳು ಅಚ್ಚುಕಟ್ಟಾಗಿ ಹೊರಬಂದವು. ಅಪ್ಪ ಚಷ್ಮಾ ಏರಿಸಿ ನೋಡಿ, “ಅಕ್ಷರ ದುಂಡಗ ಅದಾವ” ಎಂದರು, ಅಷ್ಟೇ.

ಮುಂದಿನ ಸೋಮವಾರ ಸಂಜೆ ಪಕ್ಕದ ಹೊಲದ ಕಾಕಾ ಸಲಿಕೆ, ಬ್ಯಾಟರಿ, ಬುತ್ತಿ ಸಮೇತ ನಮ್ಮ ಬಾಗಿಲಿಗೆ ಬಂದರು.

“ಇವತ್ತ ರಾತ್ರಿ ನನ್ನ ಪಾಳಿ ಐತಿ ನೋಡಣ್ಣಾ” ಎಂದು ಅಪ್ಪನಿಗೆ ಚೀಟಿ ತೋರಿಸಿದರು.

ಚೀಟಿಯಲ್ಲಿ ‘ಸೋಮವಾರ, 01:30’ ಎಂದಿತ್ತು. ಆ ಪಾಳಿ ಹಿಂದಿನ ರಾತ್ರಿಯೇ ಮುಗಿದು, ಅವರ ನೀರು ಮುಂದಿನವರ ಹೊಲಕ್ಕೆ ಹರಿದುಹೋಗಿತ್ತು. ನಮ್ಮ ಕಡೆ ದಿನ ಬದಲಾಗುವುದು ಹೊತ್ತು ಹುಟ್ಟಿದ ಮೇಲೆಯೇ. ನಡುರಾತ್ರಿ ಬದಲಾಗುತ್ತಿದ್ದುದು ನನ್ನ ಪ್ರೋಗ್ರಾಮಿನಲ್ಲಿ ಮಾತ್ರ. ಕಾಕಾನ ಕಬ್ಬು ಆಗಷ್ಟೇ ಮೊಳಕೆಯೊಡೆದಿತ್ತು, ಮತ್ತೆ ಪಾಳಿ ಬರಲು ಹದಿನೈದು ದಿನ.

“ಅಲ್ಲೀತನಕ ಉಳಿಯೂದಿಲ್ಲವಾ ಅದು” ಎಂದು ಕಾಕಾ ನನ್ನ ಕಡೆ ನೋಡಿದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

“ಬುಧವಾರ ನಮ್ಮ ಪಾಳಿ ಐತಿ. ಆ ನೀರ ನೀ ಹಾಯಿಸ್ಕೋ” ಎಂದರು ಅಪ್ಪ. ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಅಪ್ಪನ ಹಳೆಯ ಚೀಟಿಗಳನ್ನು ತೆಗೆದು ಕೂತೆ. ‘ರವಿವಾರ ರಾತ್ರಿ ಒಂದೂವರೆಗೆ, ಸೋಮವಾರ ಬೆಳಗಾಗೂಕಿಂತ ಮೊದಲ.’ ಇಷ್ಟುದ್ದ ಯಾಕೆ ಬರೆಯುತ್ತಾರೆಂದು ನಕ್ಕವಳು ನಾನೇ. ಆರು ಗಂಟೆಗಿಂತ ಮೊದಲಿನ ಹೊತ್ತಿಗೆಲ್ಲ ಹಿಂದಿನ ದಿನದ ಹೆಸರು ಬರುವಂತೆ ತಿದ್ದಿ, ಅಪ್ಪನ ಮಾತನ್ನೇ ಅಚ್ಚು ಹಾಕಿಸಿದೆ.

ಹೊಸ ಚೀಟಿ ಓದಿದ ಕಾಕಾ, “ಇದು ನಿಮ್ಮಪ್ಪ ಬರದಂಗ ಐತಲ್ಲವಾ” ಎಂದರು. ಅಪ್ಪ ಇಸಿದುಕೊಂಡು ಎರಡು ಸಲ ಓದಿದರು.

“ಛಲೋ ಆತು” ಎಂದವರೇ ಅಂಗಿಯ ಕಿಸೆಯಿಂದ ಶಾಯಿ ಪೆನ್ನು ತೆಗೆದು ನನ್ನ ಕೈಗಿಟ್ಟರು. ಆ ಕಿಸೆಯಲ್ಲಿ ಪೆನ್ನಿಲ್ಲದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆ ಹೊಗಳಿಕೆಯ ಮಾತೇ ಬೇಡವಾಗಿತ್ತು, ಪೆನ್ನು ಅಲ್ಲೇ ಇದ್ದರೆ ಸಾಕಿತ್ತು ಅನ್ನಿಸಿತು.