ಅತ್ತಿಗೆಯ ಕೊಕ್ಕು

ನಮ್ಮ ಅತ್ತಿಗೆಯ ಬಾಯಿಗೆ ಬಿಡುವು ಸಿಗುತ್ತಿದ್ದದ್ದು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ. ವೃತ್ತಿಯಿಂದ ಟೈಲರ್. ಸೂಜಿ ಕಚ್ಚಿಕೊಂಡೇ ಗಿರಾಕಿಯ ಅತ್ತೆಯ ಮಂಡಿನೋವು ವಿಚಾರಿಸುವ ವಿದ್ಯೆಯೂ ಕ್ರಮೇಣ ಕರಗತವಾಗಿ, ಆ ಬಿಡುವೂ ಹೋಯಿತು. ಅಂಗಡಿಯ ಮುಂದೆ ಬಸ್ಸಿಗೆ ಕಾಯುವವರು ಕಥೆಯ ನಡುವೆ ಏಳಲಾರದೆ ಮುಂದಿನ ಬಸ್ಸಿಗೆ ಹೋಗುತ್ತಿದ್ದರು.

ಇಂಥವರ ಹತ್ತಿರ ಊರಾಚೆಯ ಜೌಗಿನಲ್ಲಿರುವ ಪಕ್ಷಿಕೇಂದ್ರದಿಂದ ಡಾಕ್ಟರಮ್ಮ ಬಂದು ವಿಚಿತ್ರವಾದ ನಿಲುವಂಗಿ ಕೇಳಿದರು. ಬೂದುಬಣ್ಣ, ಮುಖಕ್ಕೆ ಜಾಲರಿ, ರೆಕ್ಕೆಯಂಥ ತೋಳು. ಬಲಗೈಗೆ ಕಾಲುಚೀಲದ ಹಾಗೆ ಏರಿಸಿಕೊಳ್ಳುವ ಸಾರಸ ಹಕ್ಕಿಯ ತಲೆ, ಉದ್ದ ಕೊಕ್ಕಿನ ಸಮೇತ.

"ಯಾವ ನಾಟಕಕ್ಕಮ್ಮ?"

"ನಾಟಕ ಅಲ್ಲ ಅಕ್ಕ, ತಾಯಿಯಾಗೋದಕ್ಕೆ."

ಬೀದಿನಾಯಿಗಳು ನುಗ್ಗಿದ ಗೂಡೊಂದರಲ್ಲಿ ಒಂದು ಮೊಟ್ಟೆ ಮಾತ್ರ ಉಳಿದಿತ್ತಂತೆ. ಅದರೊಳಗಿನ ಮರಿ ಹೊರಬಂದು ಮನುಷ್ಯರ ಮುಖ ನೋಡಿ, ದನಿ ಕೇಳಿ ಬೆಳೆದರೆ ತಾನೂ ಮನುಷ್ಯನೇ ಅಂದುಕೊಳ್ಳುತ್ತದೆ. ಆಮೇಲೆ ಕಲ್ಲು ಹಿಡಿದು ಬರುವವನನ್ನೂ ನೆಂಟನೆಂದು ಎದುರುಗೊಳ್ಳುತ್ತದೆ. ಅಂಥದನ್ನು ಹೊರಗೆ ಬಿಡುವ ಹಾಗಿಲ್ಲ. ಬದುಕಿರುವಷ್ಟು ಕಾಲ ಬಲೆಯ ಕೋಣೆಯೇ ಗತಿ.

ಹೊಲಿದ ಅಂಗಿಯ ಅಳತೆ ಪರೀಕ್ಷಿಸಲು ಅತ್ತಿಗೆ ತಾವೇ ತೊಟ್ಟು ಪಕ್ಷಿಕೇಂದ್ರದ ಬಲೆಯ ಕೋಣೆಯೊಳಗೆ ಹೋದರು. ಮೊಟ್ಟೆಯಿಂದ ಆಗಷ್ಟೇ ಹೊರಬಿದ್ದಿದ್ದ ಮರಿ ತೂರಾಡುತ್ತ ಬಂದು ನಿಲುವಂಗಿಯ ಅಂಚಿನೊಳಗೆ ಸೇರಿಕೊಂಡಿತು. ಅಲ್ಲಿಗೆ ಅಳತೆಯೂ ಮುಗಿಯಿತು, ಅತ್ತಿಗೆಯ ಕಥೆಯೂ ಮುಗಿಯಿತು.

"ನಾನೇ ನೋಡ್ಕೋತೀನಿ," ಅಂದರು.

"ಒಳಗೆ ಒಂದೇ ಒಂದು ಮಾತೂ ಆಡೋ ಹಾಗಿಲ್ಲ ಅಕ್ಕ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಮೀನಿಗೆ ಮರ ಹತ್ತೋಕೆ ಹೇಳಿದ್ದಾರಲ್ಲೇ! ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಬರ್ತೀಯ ನೋಡು."

ಬರಲಿಲ್ಲ. ಅಂಗಡಿಯನ್ನು ತಮ್ಮ ತಂಗಿಗೆ ಒಪ್ಪಿಸಿ ದಿನವೂ ಹೋದರು. ಕೊಕ್ಕಿನಿಂದ ಬಟ್ಟಲು ಕುಟ್ಟಿ ತಿನ್ನುವುದನ್ನು ಕಲಿಸಿದರು, ಕೆಸರು ಕೆದಕಿ ಹುಳ ತೋರಿಸಿದರು, ತೋಳು ಬಡಿದು ಓಡಿ ಹಾರಾಟದ ಪಾಠ ಹೇಳಿದರು. ಕಾಲಿನ ಮೇಲೆ ಕಪ್ಪೆ ಹಾರಿದಾಗಲೂ ಹಲ್ಲು ಕಚ್ಚಿ ನಿಂತರಂತೆ. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಬೀದಿ ಸೇರುವವರು! ದಿನವೆಲ್ಲ ಕಟ್ಟಿಟ್ಟ ಮಾತಿಗೆ ಸಂಜೆ ತೂಬು ತೆಗೆದರೆ ಅಣ್ಣನಿಗೆ ಈಜು ಬರಬೇಕಿತ್ತು.

ಆದರೆ ಮರಿಗೆ ಮನುಷ್ಯರ ಹೆದರಿಕೆಯೇ ಹತ್ತಲಿಲ್ಲ. ಪರೀಕ್ಷೆಗೆಂದು ಅಪರಿಚಿತನೊಬ್ಬನನ್ನು ನಡೆಸಿದಾಗ ಓಡಿಹೋಗುವ ಬದಲು ಹೋಗಿ ಅವನ ಬೂಟಿನ ಲೇಸು ಎಳೆಯಿತು. ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತರು. ಸಾರಸಗಳ ಹಿಂಡು ಬೇರೆ ಕೆರೆಗಳ ಕಡೆಗೆ ಹೊರಡುವ ಕಾಲ ಹತ್ತಿರವಾಗಿತ್ತು. "ಇನ್ನೊಂದು ಸಲ ನೋಡೋಣ ಅಕ್ಕ. ಆಗಲೂ ಹೀಗೇ ಮಾಡಿದರೆ ಬಲೆಯೊಳಗೇ."

ಆ ದಿನ ಸಂಜೆ ಅತ್ತಿಗೆ ಮನೆಯಲ್ಲೂ ಮಾತಾಡಲಿಲ್ಲ. ಅಣ್ಣ ಹೆದರಿ ನನ್ನನ್ನು ಕರೆಸಿದ. ಮರುದಿನ ನಾನೂ ಜೊತೆಗೆ ಹೋದೆ. ಅತ್ತಿಗೆ ನಿಲುವಂಗಿ ತೊಟ್ಟು ಮರಿಯ ಹತ್ತಿರ ಒಳಗೆ ಹೋದರು, ನಾನು ಹುಲ್ಲಿನ ತಡಿಕೆಯ ಹಿಂದೆ ಕಿಂಡಿಗೆ ಕಣ್ಣಿಟ್ಟು ಕೂತೆ.

ಅದೇ ದಿನ ಜೌಗು ಸಂರಕ್ಷಣಾ ಸಮಿತಿಯ ಅಧ್ಯಕ್ಷರು ಫೋಟೋಗ್ರಾಫರನನ್ನು ಹಿಂದಿಟ್ಟುಕೊಂಡು ದಯಮಾಡಿಸಿದರು. ಒಳ್ಳೆಯ ಮನುಷ್ಯರೇ. ತಾವಿಲ್ಲದ ಫೋಟೋದಲ್ಲಿ ಪ್ರಕೃತಿ ಅಪೂರ್ಣವೆಂಬ ಭಾವನೆಯೊಂದು ಬಿಟ್ಟರೆ ದೋಷವಿಲ್ಲ.

"ಒಳಗೆ ಯಾರೂ ಹೋಗೋ ಹಾಗಿಲ್ಲ ಸರ್," ಅಂದರು ಡಾಕ್ಟರಮ್ಮ.

"ಯಾರೂ ಅಂದ್ರೆ? ಸಂರಕ್ಷಣೆ ಮಾಡ್ತಿರೋನೇ ನಾನು. ನನ್ನ ಕಂಡ್ರೆ ಅದಕ್ಕೇನು ಭಯ?"

"ಭಯ ಇಲ್ಲದಿರೋದೇ ಕಷ್ಟ ಸರ್!"

ಅಷ್ಟರಲ್ಲಿ ಅವರು ಬಾಗಿಲು ತಳ್ಳಿಯಾಗಿತ್ತು. ಕೈ ಚಾಚಿ "ಬಾ ಪುಟ್ಟಾ, ಬಾ ಬಾ" ಅಂದರು. ಮರಿ ಕತ್ತು ಉದ್ದ ಮಾಡಿ ಒಂದು ಹೆಜ್ಜೆ ಮುಂದಿಟ್ಟಿತು. ಇನ್ನೊಂದು ಹೆಜ್ಜೆ.

ಜಗಳದಲ್ಲಿ ಜೀವಮಾನದಲ್ಲೇ ಸೋಲದ ಹೆಂಗಸು. ಆ ಕ್ಷಣಕ್ಕೆ ಬೇಕಾದ ಬೈಗುಳಗಳೆಲ್ಲ ನಾಲಗೆಯ ತುದಿಯಲ್ಲಿ ಸಾಲುಗಟ್ಟಿರಬೇಕು. ಒಂದನ್ನೂ ಉಗುಳದೆ ಅತ್ತಿಗೆ ಎರಡು ತೋಳನ್ನೂ ಅಗಲ ಬಿಚ್ಚಿ ನುಗ್ಗಿದರು. ಬಲಗೈಯ ಕೊಕ್ಕು ಅಧ್ಯಕ್ಷರ ಚಾಚಿದ ಕೈಗೆ ಕುಟ್ಟಿತು, ಹೊಟ್ಟೆಗೆ ಕುಟ್ಟಿತು, ಬೆನ್ನು ತಿರುಗಿಸಿದಾಗ ಎಲ್ಲಿ ಕುಟ್ಟಿತೆಂದು ಹೇಳುವುದು ಸಭ್ಯತೆಯಲ್ಲ. ಒಂದು ಬೂಟನ್ನು ಕೆಸರಿಗೇ ಒಪ್ಪಿಸಿ ಅಧ್ಯಕ್ಷರು ಹೊರಬಿದ್ದರು.

"ಯಾರ್ರೀ ಅದು? ಬೇಡ ಅಂತ ಬಾಯಲ್ಲಿ ಹೇಳಬಾರದಾಗಿತ್ತಾ?"

"ಅವರು ಮಾತಾಡೋ ಹಾಗಿಲ್ಲ ಸರ್," ಅಂದರು ಡಾಕ್ಟರಮ್ಮ, ಮುಖ ಆಚೆ ತಿರುಗಿಸಿಕೊಂಡು.

ನಾನು ಕಿಂಡಿಯಿಂದ ನೋಡುತ್ತಿದ್ದದ್ದು ಮರಿಯನ್ನು. ಅದು ಜೊಂಡಿನೊಳಗೆ ಹುದುಗಿ ಬಾಗಿಲ ಕಡೆಗೇ ಕಣ್ಣಿಟ್ಟಿತ್ತು. ಅಮ್ಮ ಯಾರನ್ನಾದರೂ ಹೀಗೆ ಅಟ್ಟಿದ್ದನ್ನು ಅದು ಕಂಡದ್ದು ಅದೇ ಮೊದಲು. ಮನುಷ್ಯ ಒಳ್ಳೆಯ ಪ್ರಾಣಿಯಲ್ಲವೆಂದು ಅದಕ್ಕೆ ಅಷ್ಟೂ ದಿನ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಅಪರಿಚಿತನ ಟೋಪಿ ಕಂಡದ್ದೇ ಮರಿ ಜೊಂಡಿಗೆ ಓಡಿತು. ಅಧ್ಯಕ್ಷರ ಕೊಡುಗೆ ಚಿಕ್ಕದೇನಲ್ಲ. ಸಮಿತಿಯ ವರದಿಯಲ್ಲಿ ಅವರು ಅದನ್ನು ಹೇಳಿಕೊಳ್ಳದಿದ್ದದ್ದು ಅವರ ವಿನಯ.

ಹಿಂಡು ಹೊರಡುವ ಬೆಳಿಗ್ಗೆ ಬಲೆ ತೆಗೆದರು. ಆಕಾಶದಲ್ಲಿ ಕೂಗು ಕೇಳಿತು. ಅತ್ತಿಗೆ ತೋಳು ಬಡಿಯುತ್ತ ಹುಲ್ಲಿನ ಮೇಲೆ ಓಡಿದರು. ಪಕ್ಕದಲ್ಲೇ ಓಡುತ್ತಿದ್ದ ಮರಿ ಅವರನ್ನು ದಾಟಿತು, ನೆಲ ಬಿಟ್ಟಿತು, ಹಿಂಡಿನ ಬಾಲಕ್ಕೆ ಸೇರಿಕೊಂಡಿತು. ಅತ್ತಿಗೆ ಏದುಸಿರು ಬಿಡುತ್ತ, ಕೊಕ್ಕನ್ನು ಆಕಾಶಕ್ಕೆ ಎತ್ತಿ ನಿಂತೇ ಇದ್ದರು. ಹಕ್ಕಿಗಳು ಚುಕ್ಕೆಗಳಾದವು.

ಡಾಕ್ಟರಮ್ಮ ಹತ್ತಿರ ಹೋಗಿ ಭುಜ ಮುಟ್ಟಿದರು. "ಮುಗೀತು ಅಕ್ಕ. ಇನ್ನು ಮಾತಾಡಬಹುದು."

ಜಾಲರಿಯ ಹಿಂದಿನಿಂದ ಪಿಸುದನಿ ಬಂತು.

"ಶ್... ಕೇಳಿಸೀತು."