ನಸೀಮಾ ಮೇಡಂ ಮತ್ತು ಕುಣಿಗಲ್ಲಿನ ಸೊನ್ನೆ

‘ನಸೀಮಾ ಮೇಡಂ ತಪ್ಪು ಮಾಡಿ ಸಿಕ್ಕಿಬಿದ್ದರು, ಅದಕ್ಕೇ ಕೆಲಸ ಬಿಟ್ಟರು.’ ನಮ್ಮ ಆಫೀಸಿಗೆ ಹೊಸಬರು ಯಾರೇ ಸೇರಲಿ, ವಾರದೊಳಗೆ ಅವರ ಕಿವಿಗೆ ಈ ಕಥೆ ಬಿದ್ದಿರುತ್ತದೆ. ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಕಥೆಯ ಮೇಲಿದೆ. ಕಾಲೇಜಿನ ದಿನಗಳೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಯಾರಾದರೂ ಎರಡು ಸಂಗತಿಗಳನ್ನು ‘ಅದಕ್ಕೇ’ ಎಂದು ಕಟ್ಟಿ ಕೊಟ್ಟರೆ, ಮೊದಲು ಆ ಗಂಟನ್ನೇ ಎಳೆದು ನೋಡುತ್ತೇನೆ. ಎಳೆದಾಗ ಕಂಡದ್ದಿಷ್ಟು: ಮೇಡಂ ತಪ್ಪು ಮಾಡಿದ್ದು ಅರ್ಧ ನಿಜ. ಸಿಕ್ಕಿಬಿದ್ದದ್ದು ಪೂರ್ತಿ ಸುಳ್ಳು, ಅವರನ್ನು ಯಾರೂ ಹಿಡಿಯಲಿಲ್ಲ, ತಮ್ಮನ್ನು ತಾವೇ ಹಿಡಿದುಕೊಟ್ಟರು. ಇನ್ನು ಆ ‘ಅದಕ್ಕೇ’ಗಂತೂ ಆಧಾರವೇ ಇಲ್ಲ.

ನಮ್ಮದು ಔಷಧದ ಸಗಟು ವ್ಯಾಪಾರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹೆಡ್ ಆಫೀಸು, ಗುಬ್ಬಿಯಲ್ಲೊಂದು ಡಿಪೋ, ಕುಣಿಗಲ್ಲಿನಲ್ಲೊಂದು. ಸುತ್ತಲಿನ ಮೆಡಿಕಲ್ ಶಾಪುಗಳಿಗೆ ಮಾಲು ಹೋಗುವುದು ಅಲ್ಲಿಂದಲೇ. ಮೂರೂ ಕಡೆಯ ಬಿಲ್ಲುಗಳು ಕಡೆಗೆ ಬಂದು ಸೇರುವ ಕಂಪ್ಯೂಟರಿನ ಭಂಡಾರಕ್ಕೆ ಡೇಟಾ ವೇರ್‌ಹೌಸ್ ಎಂಬ ದೊಡ್ಡ ಹೆಸರಿದೆ. ಮೇಡಂ ಬಾಯಲ್ಲಿ ಅದು ಬರೀ ಗೋಡೌನು.

“ಮಾಲು ಇಳಿಸ್ಕೊಳ್ಳೋವಾಗ್ಲೇ ಪೆಟ್ಟಿಗೆ ತೆಗೆದು ನೋಡ್ಬೇಕು ಕಣೇ ಭವ್ಯಾ,” ಎನ್ನುತ್ತಿದ್ದರು. “ಒಳಗೆ ಹೋದ್ಮೇಲೆ ಎಲ್ಲಾ ಪೆಟ್ಟಿಗೆನೂ ಒಂದೇ ಥರ ಕಾಣ್ತವೆ.”

ಅವರು ಆ ಗೋಡೌನಿನ ಮುಖ್ಯಸ್ಥೆ. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೀಬೋರ್ಡಿನ ಮುಂದೆ ಕೂತರೆ ರೊಟ್ಟಿ ತಟ್ಟಲು ಕೂತವರ ಹಾಗೆ ಕಾಣುತ್ತಿದ್ದರು. ವಿನಯಕ್ಕೂ ಅವರಿಗೂ ಆಗಿಬರುತ್ತಿರಲಿಲ್ಲ. “ಈ ಜಿಲ್ಲೇಲಿ ನನ್ಕಿಂತ ಚೆನ್ನಾಗಿ ಈ ಕೆಲಸ ಮಾಡೋರಿದ್ರೆ ಕರ್ಕೊಂಬಾ, ಟೀ ಕುಡಿಸಿ ಕಳಿಸ್ತೀನಿ,” ಎಂದು ಮುಖಕ್ಕೇ ಹೇಳುವವರು.

ಹಿಂದೆ ಗುಬ್ಬಿಯ ಲೆಕ್ಕ ಪೆನ್‌ಡ್ರೈವಿನಲ್ಲಿ, ಖಾಸಗಿ ಬಸ್ಸಿನ ಕಂಡಕ್ಟರ್ ಜೇಬಿನಲ್ಲಿ ಕೂತು ಬರುತ್ತಿತ್ತಂತೆ. ಆಮೇಲೆ ಈಮೇಲ್ ಬಂತು, ಮೇಡಂ ಸಂಜೆಗಳು ಫೋನಿನಲ್ಲೇ ಮುಗಿಯತೊಡಗಿದವು. “ಕಳಿಸಿದ್ರಾ? ಕಳಿಸ್ತೀರಾ? ಯಾವಾಗ ಕಳಿಸ್ತೀರಾ?” ಬಂದ ಫೈಲನ್ನು ತಾವೇ ತೆರೆದು, ತಾವೇ ತುಂಬಿಸಿ, ಕಡೆಗೆ ವರದಿ ತೆಗೆದು ಯಜಮಾನರಿಗೆ ಕಳಿಸಬೇಕು. ಇದೆಲ್ಲ ತಾನೇ ತಾನಾಗಿ ನಡೆಯಬೇಕೆಂದು ಹಟ ಹಿಡಿದವರೂ ಅವರೇ. ‘ಕಂಪ್ಯೂಟರ್ ಬಂದು ಮೇಡಂ ಕೆಲಸ ಕಿತ್ತುಕೊಂಡಿತು’ ಎನ್ನುವವರೂ ಆಫೀಸಿನಲ್ಲಿದ್ದಾರೆ, ಅದೂ ಸುಳ್ಳು. ತಂಗಿಯ ಜೊತೆ ಸೇರಿ ಶಿರಾದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕ್ಲಾಸು ತೆರೆಯುವುದು ಅವರ ಹಳೆಯ ಆಸೆ. ನಾನು ಸೇರಿದ ದಿನವೇ ಅದನ್ನು ಹೇಳಿದ್ದರು. “ನಾನು ಹೋದ್ಮೇಲೂ ಗೋಡೌನ್ ತಾನೇ ನಡೀಬೇಕು. ಅಲ್ಲೀವರ್ಗೂ ಹೆಂಗೆ ಬಿಟ್ಟೋಗ್ಲಿ?”

ಆ ದಿನವೇ ಇನ್ನೊಂದು ಮಾತನ್ನೂ ಕೇಳಿದರು. “ಡಿಬೇಟಲ್ಲಿ ಯಾವ ಕಡೆ ಕೊಟ್ರೂ ಮಾತಾಡ್ತೀಯಂತೆ?”

“ಹೌದು ಮೇಡಂ.”

“ಹಂಗಾದ್ರೆ ನನ್ನ ಎದುರು ಕೂರು. ಈ ಪ್ರೋಗ್ರಾಂ ಯಾಕೆ ಸರಿಯಿಲ್ಲ, ಹೇಳು.”

ಇದು ಅವರ ಪದ್ಧತಿ. ಅವರ ಮೇಜಿನ ಎದುರು ಒಂದು ಕುರ್ಚಿ ಇತ್ತು, ಅತಿಥಿಗಳಿಗಲ್ಲ. ಹೊಸದೇನನ್ನು ಬರೆದರೂ ಅದನ್ನು ಜಾರಿಗೆ ತರುವ ಮುನ್ನ ಒಬ್ಬರು ಆ ಕುರ್ಚಿಯಲ್ಲಿ ಕೂತು, ಒಂದು ಲೋಟ ಟೀ ಮುಗಿಯುವವರೆಗೆ ಅದರ ವಿರುದ್ಧ ವಾದಿಸಬೇಕು. ಒಂದೇ ಫೈಲನ್ನು ಡಿಪೋದವರು ಎರಡು ಸಲ ಕಳಿಸಿದರೆ ವ್ಯಾಪಾರ ಇಮ್ಮಡಿಯಾಗಿ ಕಾಣುತ್ತದೆ ಎಂದೆ. ಅವರ ಮುಖ ಅರಳಿತು. “ಶಾಬಾಶ್! ಹಾಗಾದ್ರೆ ಒಂದು ಕಾವಲು ಹಾಕೋಣ. ಒಂದು ದಿನಕ್ಕೆ ಒಂದ್ಸಲ ಅಂಕಿ ಕೂತ್ರೆ ಮುಗೀತು, ಆ ದಿನದ್ದು ಅಂತ ಮತ್ತೆ ಬಂದಿದ್ದನ್ನ ಪಕ್ಕಕ್ಕಿಡ್ಲಿ.” ವಾದದಲ್ಲಿ ಸೋತು ಅಷ್ಟು ಖುಷಿಪಟ್ಟವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಸ್ಪರ್ಧೆಗಳಲ್ಲಿ ಸೋತವರು ತೀರ್ಪುಗಾರರನ್ನು ಬೈದುಕೊಂಡು ಬಸ್ಸು ಹತ್ತುತ್ತಿದ್ದರು.

ಎಲ್ಲ ಸಿದ್ಧವಾಯಿತು. ಸಂಜೆ ಡಿಪೋಗಳಿಂದ ಫೈಲು ತಾನೇ ಬಂದು ಗೋಡೌನಿಗೆ ಇಳಿಯತೊಡಗಿತು, ಸ್ವಲ್ಪ ಹೊತ್ತಿನ ನಂತರ ಮೂರು ಸಾಲಿನ ವರದಿ ಯಜಮಾನರ ಫೋನಿಗೆ ತಾನೇ ಹೊರಟಿತು. ನಮ್ಮ ಯಜಮಾನರು ಮಹಾಲಿಂಗಪ್ಪನವರು. ಹಣೆಯ ವಿಭೂತಿ ಸಂಜೆಯಾದರೂ ಅಳಿಸುವುದಿಲ್ಲ, ಆಡಿದ ಮಾತೂ ಹಾಗೆಯೇ. ಮೊದಲ ವಾರವೇ ಅವರು ಫೋನು ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು.

“ಏನಮ್ಮಾ ಇದು? ಕುಣಿಗಲ್ ಮುಂದೆ ‘ಬಂದಿಲ್ಲ’ ಅಂತದೆ. ಯಾರು ಬಂದಿಲ್ಲ, ನೆಂಟ್ರಾ?”

“ಲೆಕ್ಕ ಬಂದಿಲ್ಲ ಯಜಮಾನ್ರೇ. ಬಂದಾಗ ತಾನೇ ತುಂಬ್ಕೊಳ್ಳುತ್ತೆ.”

“ಅಂಕಿ ಇರೋ ಜಾಗದಾಗೆ ಅಂಕಿ ಇರ್ಬೇಕು. ಖಾಲಿ ಬಿಡ್ಬೇಡಿ, ಸೊನ್ನೆ ಹಾಕಿ.”

“ಬಂದಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಯಜಮಾನ್ರೇ.”

“ಎರಡ್ರಾಗೂ ನಂಗೆ ವ್ಯಾಪಾರ ಕಾಣಲ್ವಲ್ಲ ತಾಯೀ! ಹಾಕ್ರೀ ಸೊನ್ನೆ, ನನ್ನ ಕಣ್ಣೆದುರ್ಗೇ ಹಾಕಿ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೇಡಂ ಕನ್ನಡಕ ಕೆಳಗಿಳಿಸಿ, ಲೆಕ್ಕ ಬಾರದ ಕಡೆ ಗೋಡೌನಿನಲ್ಲೇ ಸೊನ್ನೆ ತಾನೇ ಕೂರುವಂತೆ ಪ್ರೋಗ್ರಾಂ ತಿದ್ದಿದರು. ಅಂದು ಮಾತ್ರ ಎದುರು ಕೂರುವ ಪದ್ಧತಿ ನಡೆಯಲಿಲ್ಲ. ಎದುರಿನ ಕುರ್ಚಿಯಲ್ಲಿ ಯಜಮಾನರೇ ಕೂತಿದ್ದರು.

ಕೆಲವು ತಿಂಗಳಾದ ಮೇಲೆ ಅದೇ ಯಜಮಾನರು ಮೀಟಿಂಗಿನಲ್ಲಿ ಕುಣಿಗಲ್ ಡಿಪೋ ಮುಚ್ಚುವ ಮಾತೆತ್ತಿದರು. ವಾರಕ್ಕೆ ಎರಡು ದಿನ ಅಲ್ಲಿ ಬೋಣಿಗೆಯೇ ಇಲ್ಲ, ತುಮಕೂರಿನಿಂದಲೇ ವ್ಯಾನು ಕಳಿಸಿದರೆ ಸಾಕು ಎಂಬುದು ಅವರ ಲೆಕ್ಕಾಚಾರ. ಡಿಪೋ ನೋಡಿಕೊಳ್ಳುತ್ತಿದ್ದ ರೇಣುಕಯ್ಯನವರು ಅಲ್ಲೇ ಕೂದಲು ಹಣ್ಣಾದವರು. ಅವರ ಕೈಕೆಳಗೆ ಪ್ಯಾಕಿಂಗಿನ ಹೆಣ್ಣುಮಕ್ಕಳಿದ್ದರು, ಡ್ರೈವರ್ ಇದ್ದ. ಮುಂದಿನ ಮೀಟಿಂಗಿನಲ್ಲಿ ತೀರ್ಮಾನ ಎಂದಾಯಿತು. ಮುಚ್ಚಿದರೆ ಅವರೆಲ್ಲ ಮನೆಗೆ.

ಮೇಡಂ ಕೋಣೆಗೆ ಬಂದವರೇ ಟೀ ಹೇಳಿದರು. “ಎದುರು ಕೂರು. ಈ ವರದಿ ಸುಳ್ಳು ಅಂತ ವಾದ ಮಾಡು.”

“ನಿಮ್ಮದೇ ವರದಿ ಮೇಡಂ.”

“ಅದ್ಕೇ ನಿನ್ನ ಕರ್ದಿದ್ದು.”

ಮಂಗಳವಾರ ಮತ್ತು ಶುಕ್ರವಾರ, ತಪ್ಪದೆ ಸೊನ್ನೆ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. “ಸುಸ್ತಾದ ಡಿಪೋ ಕಮ್ಮಿ ಮಾರುತ್ತೆ ಮೇಡಂ. ವಾರಕ್ಕೆರಡು ಸಲ ಸತ್ತು, ಮಾರನೇ ದಿನ ಎದ್ದು ಕೂರಲ್ಲ.”

ಅವರು ಲೋಟ ಕೆಳಗಿಟ್ಟರು. “ಮಾಲಂತೂ ಇಲ್ಲಿಂದ ಹೋಗ್ತಾನೇ ಇದೆ, ಅಲ್ಲಿ ಖಾಲಿ ಆಗ್ತಾನೇ ಇದೆ. ಮಾರ್ದೆ ಹೆಂಗೆ ಖಾಲಿ ಆಗುತ್ತೆ? ನಡಿ, ಶುಕ್ರವಾರ ಕುಣಿಗಲ್‌ಗೆ ಹೋಗೋಣ.”

ಹೋದೆವು. ಮಧ್ಯಾಹ್ನವಿಡೀ ಡಿಪೋ ಬಾಗಿಲಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಬಿಲ್ಲಿನ ಮೇಲೆ ಬಿಲ್ಲು. ಸಂಜೆಯಾಯಿತು. ರೇಣುಕಯ್ಯನವರು ಕೈಕಾಲು ತೊಳೆದು, ಗೋಡೆಯ ದೇವರ ಪಟದ ಮುಂದೆ ದೀಪ ಹಚ್ಚಿ, ಕಂಪ್ಯೂಟರಿಗೂ ಊದುಬತ್ತಿ ಬೆಳಗಿ, ಅದನ್ನು ಆರಿಸಿಬಿಟ್ಟರು.

“ಅರೆ, ಲೆಕ್ಕ ಕಳಿಸ್ಲಿಲ್ವಲ್ಲ ರೇಣುಕಯ್ನೋರೇ!” ಎಂದರು ಮೇಡಂ.

“ಬೆಳಗ್ಗೆ ಕಳಿಸ್ತೀನಲ್ಲ ಮೇಡಂ. ಮಂಗಳವಾರ ಶುಕ್ರವಾರ ದೀಪ ಹಚ್ಚಾದ್ಮೇಲೆ ಲಕ್ಷ್ಮೀನ ಆಚೆಗೆ ಕಳಿಸ್ತಾರಾ?”

“ಮೊದ್ಲಿಂದ್ಲೂ ಹಿಂಗೇನಾ?”

“ಮೊದ್ಲಿಂದ್ಲೂನೂವೆ. ಬೆಳಗ್ಗೆ ಬಾಗ್ಲು ತೆಗೆದೇಟ್ಗೆ ಕಳಿಸ್ತಿದ್ದೆ, ನೀವು ಹಾಕ್ಕೊಂತಿದ್ರಿ. ಈಗ್ಲೂ ಹಂಗೇ ಕಳಿಸ್ತಾವ್ನಿ.”

ನನ್ನ ನಾಲಗೆ ತುರಿಸಿತು. “ಅಲ್ಲ ರೇಣುಕಯ್ನೋರೇ, ಕಳಿಸೋದು ದುಡ್ಡಲ್ಲ, ಬರೀ ಅಂಕಿ. ಲಕ್ಷ್ಮಿ ಹೆಂಗೆ...” ಎಂದು ಶುರುಮಾಡಿದೆ.

ಮೇಡಂ ನನ್ನ ಕೈ ಅದುಮಿದರು. “ನಮ್ಮಮ್ಮನೂ ದೀಪ ಹಚ್ಚಿದ್ಮೇಲೆ ಪಕ್ಕದ್ಮನೆಗೆ ಉಪ್ಪು ಕೊಡ್ತಿರ್ಲಿಲ್ಲ,” ಎಂದು ರೇಣುಕಯ್ಯನವರಿಗೆ ಹೇಳಿದರು. ವಾಪಸ್ಸು ಹೊರಡಲು ಬಸ್ಸು ಹತ್ತಿ ಕೂತ ಮೇಲೆ ನನಗೆ ಹೇಳಿದ್ದು ಬೇರೆ: “ಅವರ ನಂಬಿಕೆ ಜೊತೆ ಏನ್ ವಾದ? ನಮ್ಮ ಪ್ರೋಗ್ರಾಂ ಜೊತೆ ವಾದ ಮಾಡು. ಬೆಳಗ್ಗೆ ಬಂದ ಫೈಲು ಎಲ್ಲಿಗೆ ಹೋಯ್ತು?”

ಉತ್ತರ ನಮ್ಮೆದುರೇ ಇತ್ತು. ನಮ್ಮ ಮುಂದಿನ ಸೀಟಿನ ಮೇಲೆ ಯಾರೋ ಕಿಟಕಿಯಿಂದ ಕರ್ಚೀಫು ಎಸೆದು ಜಾಗ ಹಿಡಿದಿದ್ದರು. ಒಬ್ಬ ಮುದುಕಿ ಅದನ್ನು ನೋಡಿ, ಕೂರಲು ಹಿಂಜರಿದು ನಿಂತೇ ಇದ್ದಳು. ಮೇಡಂ ಕರ್ಚೀಫನ್ನೇ ದಿಟ್ಟಿಸಿದರು. “ಯಾ ಅಲ್ಲಾ. ಸೊನ್ನೆ ಕಣೇ! ಸಂಜೆ ಸೊನ್ನೆ ಬಂದು ಸೀಟು ಹಿಡೀತು. ಬೆಳಗ್ಗೆ ನಿಜವಾದ ಲೆಕ್ಕ ಬಂದಾಗ ನಮ್ಮ ಕಾವಲುಗಾರ, ಈ ದಿನಕ್ಕೆ ಆಗ್ಲೇ ಅಂಕಿ ಐತೆ ಅಂತ ಪಕ್ಕಕ್ಕಿಟ್ಟ.” ಎದ್ದು ಕರ್ಚೀಫು ತೆಗೆದು ಕಿಟಕಿಗೆ ಸಿಕ್ಕಿಸಿ, ಮುದುಕಿಯನ್ನು ಕೂರಿಸಿದರು. ಕರ್ಚೀಫಿನ ಯಜಮಾನ ಬಂದು ಜಗಳಕ್ಕೆ ನಿಂತ. ಕುಣಿಗಲ್ ದಾಟುವವರೆಗೂ ಮೇಡಂ ಅವನ ಜೊತೆ ಸಂತೋಷದಿಂದ ಜಗಳವಾಡಿದರು.

ಪಕ್ಕಕ್ಕಿಟ್ಟ ಫೈಲುಗಳೆಲ್ಲ ಹಾಗೇ ಇದ್ದವು. ಅವನ್ನು ತುಂಬಿಸಿದ ಮೇಲೆ ಕುಣಿಗಲ್ಲು ಗುಬ್ಬಿಗಿಂತ ಒಂದು ಹೆಜ್ಜೆ ಮುಂದೆಯೇ ನಿಂತಿತು. ಈಗ ಮೀಟಿಂಗಿಗೆ ನಾನು ಸಿದ್ಧವಾದೆ. ಮನಸ್ಸಿನಲ್ಲಿ ಭಾಷಣವೂ ತಯಾರು: ಸೊನ್ನೆ ಹಾಕಿ ಎಂದವರು ತಾವೇ, ಆ ಸೊನ್ನೆ ತೋರಿಸಿ ಡಿಪೋ ಮುಚ್ಚಿ ಎನ್ನುವವರೂ ತಾವೇ! ಚಪ್ಪಾಳೆ ಬೀಳುವ ಜಾಗವೂ ಗೊತ್ತಿತ್ತು.

ಬಾಯಿ ತೆರೆಯುವ ಮುನ್ನ ಮೇಡಂ ಎದ್ದು ನಿಂತರು. “ಯಜಮಾನ್ರೇ, ಕುಣಿಗಲ್ ಮುಂದಿದ್ದ ಸೊನ್ನೆ ರೇಣುಕಯ್ನೋರ್ದಲ್ಲ, ನಂದು. ನನ್ನ ಪ್ರೋಗ್ರಾಂ ತಪ್ಪು. ಸರಿ ಲೆಕ್ಕ ಇಲ್ಲಿದೆ, ನೋಡಿ.”

ಈ ಜಿಲ್ಲೆಯಲ್ಲಿ ತನಗೆ ಸಮನಿಲ್ಲ ಎನ್ನುತ್ತಿದ್ದ ಹೆಂಗಸು ಎಲ್ಲರೆದುರು ತನ್ನ ಕೆಲಸವನ್ನೇ ತಪ್ಪೆನ್ನುತ್ತಿದ್ದರು. ಯಜಮಾನರು ಹೊಸ ಅಂಕಿಗಳನ್ನು ಮೇಲಿಂದ ಕೆಳಗೆ ಓದಿದರು. “ನಸೀಮಮ್ಮಾ, ನಿಮ್ಮಂಥೋರೇ ಹಿಂಗೆ ಮಾಡಿದ್ರೆ ಹೆಂಗಮ್ಮಾ?” ಎಂದರು. ದನಿಯಲ್ಲಿ ಬೇಸರವಿತ್ತು, ಅದಕ್ಕಿಂತ ಹೆಚ್ಚಾಗಿ ನಿರಾಳವಿತ್ತು. “ಸರಿ ಬುಡಿ. ಡಿಪೋ ಇರ್ಲಿ.”

ಹೊರಗೆ ಬಂದ ಮೇಲೆ ನಾನು ಕಿಡಿಕಿಡಿಯಾಗಿದ್ದೆ. “ಸೊನ್ನೆ ಹಾಕ್ಸಿದ್ದು ಅವರು! ಯಾಕೆ ಹೇಳ್ಲಿಲ್ಲ?”

“ಕಾವಲು ಹಾಕಿದ್ದು ನಾನಲ್ವಾ? ಅರ್ಧ ನಂದೇ.”

“ಇನ್ನರ್ಧ?”

“ಅದನ್ನ ಅವರ ತಲೆ ಮೇಲೆ ಹಾಕಿದ್ರೆ ಏನ್ಮಾಡೋರು? ಡಿಪೋ ಮುಚ್ಚೋದೇ ಸರಿ ಅಂತ ಸಾಧಿಸೋಕೆ ಬೇರೆ ಕಾರಣ ಹುಡುಕೋರು. ನಿಂಗೆ ಗೆಲ್ಬೇಕಾಗಿತ್ತು ಕಣೇ, ನಂಗೆ ಡಿಪೋ ಬೇಕಾಗಿತ್ತು.” ಆಮೇಲೆ ನನ್ನ ಮುಖ ನೋಡಿ ನಕ್ಕರು. “ಅಷ್ಟು ಹೊಟ್ಟೆಯುರಿ ಇದ್ರೆ, ಎಲ್ಲಾ ತಣ್ಣಗಾದ್ಮೇಲೆ ಅವರ್ನ ನೀನೇ ಕೇಳ್ಕೋ.”

ಎಷ್ಟೋ ವೇದಿಕೆಗಳಲ್ಲಿ ಕೊಟ್ಟ ಕಡೆ ನಿಂತು ಗೆದ್ದಿದ್ದೆ. ನಿಂತ ಕಡೆ ಬಿಟ್ಟು ಎದುರು ಕಡೆಗೆ ನಡೆದುಹೋಗಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಈಗಲೂ ವಾದ ಮಾಡುತ್ತೇನೆ, ಮನೆಯಲ್ಲಿ ಬೈಸಿಕೊಳ್ಳುವಷ್ಟು. ಆದರೆ ಮೊದಲ ಲೋಟ ಟೀ ಮುಗಿಯುವವರೆಗೆ ನನ್ನ ವಿರುದ್ಧವೇ. ಆ ಒಂದು ಲೋಟದ ಋಣ ಅವರದು.

ಮೇಡಂ ಹೊರಟದ್ದು ಅದಾದ ಎಷ್ಟೋ ಕಾಲದ ಮೇಲೆ, ವರದಿಯಲ್ಲಿ ‘ಬಂದಿಲ್ಲ’ ಎಂಬ ಪದವನ್ನು ಮತ್ತೆ ಕೂರಿಸಿ, ಬೆಳಗಿನ ಫೈಲಿಗೆ ಬಾಗಿಲು ತೆರೆದಿಟ್ಟು. ಈ ಸಲ ಯಜಮಾನರು ಏನೂ ಅನ್ನಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಶಿರಾ ಬಸ್ಸಿಗೆ ಅವರನ್ನು ಹತ್ತಿಸಲು ಹೋಗಿದ್ದೆ. ಬ್ಯಾಗು ಮೇಲಿಟ್ಟು ಕಿಟಕಿಯಿಂದ ಬಗ್ಗಿದರು. ಏನೋ ದೊಡ್ಡ ಮಾತು ಬರುತ್ತದೆಂದು ಕಾದೆ. “ಆ ಎದುರು ಕುರ್ಚಿ ಖಾಲಿ ಬಿಡ್ಬೇಡ. ನಿನ್ಕಿಂತ ತಲೆಹರಟೆ ಯಾರಾದ್ರೂ ಸೇರಿದ್ರೆ ಕೂರ್ಸು.” ಬಸ್ಸು ಹೊರಟಿತು. ಅಷ್ಟರಲ್ಲೇ ಪಕ್ಕದವರ ಜೊತೆ ಯಾವುದಕ್ಕೋ ಜಗಳ ತೆಗೆದಿದ್ದರು.

ಮೊನ್ನೆ ಶುಕ್ರವಾರ ಯಜಮಾನರ ಜೊತೆ ಕುಣಿಗಲ್ ಡಿಪೋಗೆ ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗಿಯರು ಸುತ್ತ ನಿಂತಿದ್ದರು. ರೇಣುಕಯ್ಯನವರು ದೀಪ ಹಚ್ಚಿ ಕಂಪ್ಯೂಟರ್ ಆರಿಸಿದರು. ಯಜಮಾನರು ಅಕ್ಕರೆಯಿಂದಲೇ ಆ ಕಥೆ ಶುರುಮಾಡಿದರು: “ನಸೀಮಮ್ಮ ಅಂತ ಒಬ್ರಿದ್ರು. ಬಲೇ ಬುದ್ಧಿವಂತೆ. ಆದ್ರೂ ನೋಡಿ, ಒಂದು ಸೊನ್ನೆ ತಪ್ಪಾಗಿ ಹಾಕಿ ಈ ಡಿಪೋನೇ ಮುಚ್ಚಿಸ್ತಿದ್ರು.”

ರೇಣುಕಯ್ಯನವರು ನನ್ನ ಕಡೆ ನೋಡಿದರು. ಯಜಮಾನರ ಕೈಯಲ್ಲಿದ್ದ ಫೋನು ಒಮ್ಮೆ ಸದ್ದು ಮಾಡಿತು. ಸಂಜೆಯ ವರದಿ. ಕುಣಿಗಲ್ಲಿನ ಮುಂದೆ ‘ಬಂದಿಲ್ಲ’ ಎಂದಿತ್ತು. ಎಲ್ಲ ತಣ್ಣಗಾಗಿದೆ ಎನ್ನಿಸಿತು. ಕೇಳಿದೆ:

“ಯಜಮಾನ್ರೇ, ಅವತ್ತು ಮೇಡಂ ಎದುರು ಕುರ್ಚೀಲಿ ಕೂತು, ಖಾಲಿ ಬಿಡ್ಬೇಡಿ, ಸೊನ್ನೆ ಹಾಕಿ ಅಂದೋರು ಯಾರು?”