ಎಡಗಡೆಯ ಟ್ಯಾಂಕು

ನಮ್ಮ ಕಾಕಾನ ಪಿಕಪ್ಪಿಗೆ ಎರಡು ಪೆಟ್ರೋಲ್ ಟ್ಯಾಂಕುಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಗಾಡಿ. ಸೀಟಿನ ಕೆಳಗೊಂದು ಸಣ್ಣ ನಲ್ಲಿ. ಅದನ್ನು ಯಾವ ಕಡೆಗೆ ತಿರುಗಿಸಿದರೆ ಆ ಕಡೆಯ ಪೆಟ್ರೋಲು ಎಂಜಿನ್ನಿಗೆ ಹೋಗುತ್ತಿತ್ತು. ಬೆಟಗೇರಿಯ ನಮ್ಮ ಮಗ್ಗದ ಸೀರೆಗಳು ಅದರಲ್ಲೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಹೋಗುತ್ತಿದ್ದವು. ಹೊಸ ಸೀರೆಯ ಗಂಜಿ ವಾಸನೆಯೂ ಪೆಟ್ರೋಲಿನ ವಾಸನೆಯೂ ಬೆರೆತರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅದು ನನ್ನ ಬಾಲ್ಯದ ವಾಸನೆ.

ಗಾಡಿ ಓಡಿಸುತ್ತಿದ್ದವರು ಚಾಚಾ. ನಾನು ಹುಟ್ಟುವ ಮೊದಲಿನಿಂದಲೂ ಅವರೇ. ಶುಕ್ರವಾರದ ನಮಾಜಿನ ಹೊತ್ತು ಬಿಟ್ಟರೆ ಗಾಡಿಯ ಹತ್ತಿರವೇ ಇರುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಢಾಲು ತಂದ ದಿನ ಅವರು ನನಗೆ ‘ವಕೀಲವ್ವ’ ಎಂದು ಹೆಸರಿಟ್ಟರು.

ಆ ವರ್ಷ ಆಯುಧಪೂಜೆಯಲ್ಲಿ ಗಾಡಿಗೆ ವಿಭೂತಿ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕಬ್ಬಿಣಕ್ಕೆ ಎಂಥ ಭಕ್ತಿ ಎಂದು ಜಗಳ ತೆಗೆದೆ. “ವಾದ ಆಮ್ಯಾಗ, ಮೊದಲ ಹಚ್ಚು” ಎಂದ ಕಾಕಾ. ಸಿಟ್ಟಿನಲ್ಲಿ, ಗಟ್ಟಿಯಾಗಿ ಕಲಸಿದ್ದನ್ನು ಕೈಗೆ ಸಿಕ್ಕಲ್ಲೆಲ್ಲ ಮೆತ್ತಿದೆ.

ಅದಾದ ನಾಲ್ಕೇ ದಿನಕ್ಕೆ ಗಾಡಿ ಹಟ ಹಿಡಿಯಿತು. ಎಡ ಟ್ಯಾಂಕಿನ ಮೇಲೆ ಹತ್ತು-ಹದಿನೈದು ಮೈಲಿ ಓಡಿ, ಕೆಮ್ಮಿ, ನಿಲ್ಲುತ್ತಿತ್ತು. ನಲ್ಲಿಯನ್ನು ಬಲಕ್ಕೆ ತಿರುಗಿಸಿದರೆ ಮತ್ತೆ ಸರಾಗ. ಚಾಚಾ ಪೈಪು ಊದಿದರು, ಪಂಪು ಬಿಚ್ಚಿ ತೊಳೆದರು. ಏನೂ ಆಗಲಿಲ್ಲ.

ಕಾರಣ ಏನೆಂದು ಕಾಕಾ ಕೇಳಿದ್ದಕ್ಕೆ ನಾನು ವಾದ ಮಂಡಿಸಿದೆ. “ಎಂಜಿನ್ ಒಂದ, ಪಂಪ್ ಒಂದ. ಬಲದ್ದರ ಮ್ಯಾಲ ಓಡತೈತಿ ಅಂದ್ರ ಅವೆರಡೂ ಚೊಲೋ ಅದಾವ. ಪೈಪ್ ಸ್ವಚ್ಛ ಐತಿ. ಉಳಿದದ್ದು ಎಡದಾಗಿನ ಪೆಟ್ರೋಲ್. ಪೆಟ್ರೋಲ್ ಕದ್ದು ಮಾರಿ ಅದರಾಗ ಚಿಮಣಿ ಎಣ್ಣಿ ಬೆರೆಸ್ಯಾರ.”

“ಯಾರು?”

“ಕೀಲಿ ಯಾರ ಕೈಯಾಗ ಇರತೈತಿ?”

ಚಾಚಾ ಅಲ್ಲೇ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದರು. ಕಾಕಾ ಅವರ ಮುಖ ನೋಡದೆಯೇ ಹೇಳಿದ: “ಇವತ್ತ ರಾತ್ರಿ ಏನ ಸರಿ ಮಾಡತಿ ಮಾಡು. ನಾಳೆ ಬಲಾ ಟ್ಯಾಂಕ್ ಖಾಲಿ ಇರಲಿ. ಎಡದ್ದರ ಮ್ಯಾಲ ಲಕ್ಷ್ಮೇಶ್ವರಕ್ಕ ಹೋಗೂಣು. ನಿಂತರ, ಕೀಲಿ ನನ್ನ ಕೈಯಾಗ ಕೊಟ್ಟು ನೀ ಮನಿಗೆ ನಡಿ.”

“ಆತ್ರಿ ಸಾವ್ಕಾರ್ರ” ಎಂದರು ಚಾಚಾ. ಕಪ್ಪು ತೊಳೆದಿಟ್ಟು ಹೋದರು.

ಮರುದಿನ ಮೂವರೂ ಹೊರಟೆವು. ಮುಳಗುಂದ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಕೆಮ್ಮಿತು, ನಿಂತಿತು. ಕಾಕಾ ಕೈ ಚಾಚಿದ. ಚಾಚಾ ಕೀಲಿ ತೆಗೆದು ಕೊಟ್ಟರು.

ಗೆದ್ದಿದ್ದೆ. ಆದರೆ ಸಾಕ್ಷಿ ನೋಡದೆ ತೀರ್ಪು ಒಪ್ಪುವವಳಲ್ಲ ನಾನು. “ತಡಿ ಕಾಕಾ, ವಾಸನಿ ನೋಡತೀನಿ” ಎಂದು ಇಳಿದು ಎಡ ಟ್ಯಾಂಕಿನ ಮುಚ್ಚಳ ತಿರುವಿದೆ. ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಮೂಗು ಹಚ್ಚಿ ನೋಡಿದೆ. ಸೀಮೆಎಣ್ಣೆಯ ವಾಸನೆ ಎಳ್ಳಷ್ಟೂ ಇಲ್ಲ. ಅಪ್ಪಟ ಪೆಟ್ರೋಲು.

ಆ ಸದ್ದಿಗೆ ಚಾಚಾ ಇಳಿದು ಬಂದಿದ್ದರು. ಮುಚ್ಚಳ ಇಸಿದುಕೊಂಡು ಬಿಸಿಲಿಗೆ ಹಿಡಿದರು. “ಇದರ ಉಸಿರು ಕಟ್ಟಿತ್ತು ನೋಡವ್ವಾ. ಪೆಟ್ರೋಲ್ ಹೊರಗ ಹೋದಂಗ ಗಾಳಿ ಒಳಗ ಬರಬೇಕು. ಇಲ್ಲಂದ್ರ ಪಂಪಿಗೆ ಎಳಿಯಾಕ ಆಗೂದಿಲ್ಲ. ಅದಕ್ಕಂತನ ಇಲ್ಲೊಂದು ತೂತು ಇರತೈತಿ.”

ಆ ತೂತಿನಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಸುತ್ತ ಮೂರು ಬೆರಳಿನ ಗುರುತು, ನನ್ನವೇ. ಚಾಚಾ ಆ ಗುರುತುಗಳನ್ನೂ ನೋಡಿದರು, ನನ್ನನ್ನೂ ನೋಡಿದರು. ಮುಚ್ಚಳವನ್ನು ಅಂಗಿಯ ಚುಂಗಿನಿಂದ ಒರೆಸಿ, “ಪಿನ್ ಕೊಡು” ಎಂದರು. ಸೀರೆಯ ಪಿನ್ನು ಬಿಚ್ಚಿ ಕೊಟ್ಟೆ. ತೂತು ಬಿಡಿಸಿದರು.

“ಏನಾಗಿತ್ತೋ?” ಕಾಕಾ ಒಳಗಿಂದಲೇ ಕೇಳಿದ.

“ಧೂಳ್ರಿ ಸಾವ್ಕಾರ್ರ. ಹಾದ್ಯಾಗಿನ ಧೂಳು.”

ಎದುರು ಪಕ್ಷದವರೇ ಬಿಟ್ಟುಕೊಟ್ಟ ಮಾತು. ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. “ಧೂಳಲ್ಲ ಕಾಕಾ,” ಎಂದೆ, “ನನ್ನ ವಿಭೂತಿ. ಚಾಚಾಂದು ಏನೂ ತಪ್ಪಿಲ್ಲ. ನಿನ್ನೆ ನಾ ಹೇಳಿದ್ದೆಲ್ಲ ಸುಳ್ಳು.”

ಕಾಕಾ ಕೆಳಗಿಳಿದು ಬಂದು ಮುಚ್ಚಳ ನೋಡಿದ. ಆಮೇಲೆ ಚಾಚಾನ ಕೈಗೆ ಕೀಲಿ ಇಟ್ಟು, “ನಡಿ, ಹೊತ್ತಾತು” ಎಂದ. ಕ್ಷಮೆ ಕೇಳುವುದು ನಮ್ಮ ಮನೆಯ ಗಂಡಸರಿಗೆ ಬಾರದ ವಿದ್ಯೆ. ಆದರೆ ಲಕ್ಷ್ಮೇಶ್ವರದಲ್ಲಿ ಮೂರು ಚಹಾ ಹೇಳಿದ. ಮೊದಲನೆಯ ಕಪ್ಪನ್ನು ತಾನೇ ಎತ್ತಿ ಚಾಚಾನಿಗೆ ಕೊಟ್ಟ. ತೂತು ಬಿಡಿಸಿದ ಮೇಲೆ ಗಾಡಿ ನಡುವೆ ಎಲ್ಲೂ ನಿಂತಿರಲಿಲ್ಲ.

ಮುಂದಿನ ದಸರೆಗೆ ವಿಭೂತಿ ಬಟ್ಟಲು ಹಿಡಿದು ಗಾಡಿಯ ಮುಂದೆ ನಿಂತೆ. ಈ ಸಲ ವಾದ ಮಾಡಲಿಲ್ಲ. ಚಾಚಾ ಎಡ ಟ್ಯಾಂಕಿನ ಮುಚ್ಚಳದ ಮೇಲೆ ತಮ್ಮ ಅಂಗೈ ಮುಚ್ಚಿ ಹಿಡಿದಿದ್ದರು.

“ಬಾಕಿದ್ದಕ್ಕೆಲ್ಲ ಹಚ್ಚು ವಕೀಲವ್ವ,” ಎಂದರು, “ಇದು ನಮ್ಮ ಜಾತಿದು.”